ಅವ್ವ ಹೇಳಿದ್ದು, ನಾನು ಡಾಕ್ಟರಿಗೆ ಹೇಳಿದ್ದು

ಅವ್ವನಿಗೆ ಯಾವ ಸಂಗತಿಯನ್ನೂ ನಡುವಿನಿಂದ ಹೇಳಲು ಬರುತ್ತಿರಲಿಲ್ಲ. ಗ್ಯಾಸ್ ಸಿಲಿಂಡರ್ ಖಾಲಿಯಾಗಿದೆ ಎಂದು ತಿಳಿಸಬೇಕಾದರೂ ಆಕೆ ಬೆಳಿಗ್ಗೆ ಮೋಡವಾಗಿತ್ತು ಎಂಬಲ್ಲಿಂದ ಶುರುಮಾಡುತ್ತಿದ್ದಳು. ಮೋಡವಾಗಿದ್ದಕ್ಕೆ ಸಂಡಿಗೆ ಒಣಹಾಕಲಿಲ್ಲ, ಒಣಹಾಕದ್ದಕ್ಕೆ ಕೆಳಗಿನ ಮನೆಯವಳು ಟೆರೇಸಿಗೆ ಬರಲಿಲ್ಲ, ಮಾತಿಗೆ ಯಾರೂ ಇಲ್ಲದ್ದಕ್ಕೆ ಬೇಳೆಯನ್ನು ಬೇಗ ಒಲೆಗಿಟ್ಟೆ, ಎರಡನೇ ಸೀಟಿ ಆಗುವುದರೊಳಗೆ... ಅಷ್ಟರಲ್ಲಿ ನಾನು "ಸಿಲಿಂಡರ್ ಮುಗೀತು, ಹೌದಿಲ್ಲೋ?" ಎಂದು ಫೋನು ಕೈಗೆತ್ತಿಕೊಂಡಿರುತ್ತಿದ್ದೆ. ಅವ್ವ "ಹೂಂ" ಎಂದು ಸುಮ್ಮನಾಗುತ್ತಿದ್ದಳು. ಅಪ್ಪ ಬದುಕಿದ್ದಾಗ ಹೀಗಿರಲಿಲ್ಲ. ಅವರು ಧಾರವಾಡದಲ್ಲಿ ಮಾಸ್ತರರಾಗಿದ್ದವರು, ಸಂಜೆ ಖುರ್ಚಿಯಲ್ಲಿ ಕೂತು ಅವ್ವನ ದಿನಪೂರ್ತಿಯ ಪುರಾಣವನ್ನು ಮೋಡದಿಂದ ಹಿಡಿದು ಸಿಲಿಂಡರಿನ ತನಕ ಕೇಳುತ್ತಿದ್ದರು. ನಡುನಡುವೆ "ಆಮ್ಯಾಲೆ?" ಅನ್ನುತ್ತಿದ್ದರು. ನನಗೆ ಅಷ್ಟು ತಾಳ್ಮೆ ಯಾವ ಕಾಲಕ್ಕೂ ಇರಲಿಲ್ಲ.

ಕೆಲಸ ನನ್ನನ್ನು ಹೀಗೆ ಮಾಡಿತು ಎಂದು ಕೆಲವೊಮ್ಮೆ ಅಂದುಕೊಳ್ಳುತ್ತೇನೆ. ಅದು ಸುಳ್ಳು. ನನ್ನ ಸ್ವಭಾವ ಮೊದಲಿನಿಂದಲೂ ಇದೇ, ಕೆಲಸ ಅದಕ್ಕೆ ತಕ್ಕಂತೆ ಸಿಕ್ಕಿತು. ಪುಣೆಯ ಹಡಪಸರದ ಕಾರ್ಖಾನೆಯೊಂದರಲ್ಲಿ ಅಪಘಾತದ ವರದಿ ಬರೆಯುವವಳು ನಾನು. ಅಲ್ಲಿ ಕೂಲಿ ಕೆಲಸಕ್ಕೆ ಬರುವವರಲ್ಲಿ ಯಾದಗಿರಿ, ಕಲಬುರಗಿ ಕಡೆಯವರು ಬಹಳ. ಯಾರದಾದರೂ ಬೆರಳು ಜಜ್ಜಿದರೆ, ಕಾಲ ಮೇಲೆ ಏನಾದರೂ ಬಿದ್ದರೆ, ಪಟ್ಟಿ ಕಟ್ಟಿಸಿಕೊಂಡು ನನ್ನ ಮೇಜಿನ ಮುಂದೆ ಬಂದು ಕೂರುತ್ತಾರೆ. ಅವರು ಕನ್ನಡದಲ್ಲಿ ಹೇಳಿದ್ದನ್ನು ನಾನು ಸಾಹೇಬರಿಗೆ ಮರಾಠಿಯಲ್ಲಿ ಹೇಳಿ, ಇಂಗ್ಲಿಷಿನಲ್ಲಿ ನಮೂನೆ ತುಂಬಬೇಕು. ಅವರೂ ಅವ್ವನ ಜಾತಿಯವರೇ. ಬೆರಳಿನ ವಿಷಯ ಕೇಳಿದರೆ ಊರಿನಿಂದ ಬಂದ ಫೋನಿನಿಂದ ಶುರುಮಾಡುತ್ತಾರೆ. "ಏನು ಬಿತ್ತು, ಎಷ್ಟು ಹೊತ್ತಿಗೆ ಬಿತ್ತು, ಅಷ್ಟು ಹೇಳಪಾ ಸಾಕು" ಎಂದು ನಾನು ತಡೆಯುತ್ತಿದ್ದೆ. ನನ್ನ ವರದಿ ಎಂದೂ ಒಂದು ಪುಟ ದಾಟಿದ್ದಿಲ್ಲ. ಸಾಹೇಬರು ನಾಲ್ಕು ಜನರ ಮುಂದೆ ಹೊಗಳುತ್ತಿದ್ದರು, ಆ ಹೊಗಳಿಕೆ ನನ್ನ ತಲೆಗೇರಿತ್ತು.

ಅಪ್ಪ ತೀರಿಹೋದ ಮೇಲೆ ಅವ್ವ ಪುಣೆಗೆ ನನ್ನ ಹತ್ತಿರ ಬಂದಳು. ನಾನು ಮದುವೆಯಾದವಳಲ್ಲ, ಎರಡು ಕೋಣೆಯ ಫ್ಲ್ಯಾಟು, ಇಬ್ಬರಿಗೆ ಧಾರಾಳವಾಯಿತು. ಒಂದೆರಡು ವರ್ಷಗಳಲ್ಲಿ ಅವ್ವ ತರಕಾರಿಯವಳ ಜೊತೆ ಜಗಳಾಡುವಷ್ಟು ಮರಾಠಿ ಕಲಿತಳು. ಕೊತ್ತಂಬರಿಯನ್ನು ಕೊಥಿಂಬಿರ ಎಂದು ಕೇಳಿ ಎರಡು ಕಡ್ಡಿ ಹೆಚ್ಚಿಗೆ ಹಾಕಿಸಿಕೊಳ್ಳುತ್ತಿದ್ದಳು. ಆದರೆ ಡಾಕ್ಟರರ ಮುಂದೆ ಕೂತರೆ ಆಕೆಯ ಮರಾಠಿ ಆವಿಯಾಗಿ ಹೋಗುತ್ತಿತ್ತು. ಮೈಯೊಳಗಿನ ಸಂಕಟವನ್ನು ಹೇಳುವುದಕ್ಕೆ ತರಕಾರಿಯ ಮರಾಠಿ ಸಾಲುವುದಿಲ್ಲ. ಹಾಗಾಗಿ ಅಲ್ಲಿಯೂ ನಾನೇ ದುಭಾಷಿ. ಅವ್ವ ನನಗೆ ಹೇಳುವುದು, ನಾನು ಡಾಕ್ಟರಿಗೆ ಹೇಳುವುದು.

ಅವ್ವನಿಗೆ ಬಿ.ಪಿ. ಇತ್ತು, ಅದಕ್ಕೆ ದಿನಾ ಒಂದು ಗುಳಿಗೆ. ಇನ್ನೊಂದು ದಮ್ಮು. ಕಟ್ಟಿಗೆ ಒಲೆಯ ಹೊಗೆಯಲ್ಲಿ ಅರ್ಧ ಆಯುಷ್ಯ ಕಳೆದವಳು. ಧಾರವಾಡದಲ್ಲಿ ಚಳಿಗಾಲ ಬಂತೆಂದರೆ ಎದೆಯಲ್ಲಿ ಕೊಳಲು ಊದಿದ ಸದ್ದು. ಅಲ್ಲಿನ ಡಾಕ್ಟರು ಬಾಯಿಗೆ ಹಿಡಿದು ಎಳೆದುಕೊಳ್ಳುವ ಪಂಪು ಕೊಟ್ಟಿದ್ದರು. ಪುಣೆಗೆ ಬಂದ ಮೇಲೆ ಆ ಪಂಪು ಖಾಲಿಯಾಯಿತು, ಮತ್ತೆ ತರಲಿಲ್ಲ. ಅವ್ವನಿಗೆ ಅದು ಚಟವಾಗುತ್ತದೆ ಎಂಬ ಹೆದರಿಕೆ, ನನಗೆ ದಮ್ಮು ಹೋಗಿಯೇಬಿಟ್ಟಿದೆ ಎಂಬ ಧೈರ್ಯ. ಇಲ್ಲಿಯ ಡಾಕ್ಟರ ಫೈಲಿನಲ್ಲಿ ಬಿ.ಪಿ. ಒಂದೇ ಬರೆದಿತ್ತು.

ಮೂರನೇ ವರ್ಷ ಅವ್ವನ ನಿದ್ದೆ ಕೆಟ್ಟಿತು. ಮಲಗಿದ ಸ್ವಲ್ಪ ಹೊತ್ತಿಗೆ ಜೋರಾಗಿ ಗೊರಕೆ, ಆಮೇಲೆ ಗಪ್ಪನೆ ನಿಶ್ಶಬ್ದ, ಆಮೇಲೆ ಗಾಬರಿಬಿದ್ದು ಏಳುವ ಸದ್ದು. ಎದ್ದು ಹಾಲ್‌ನ ದಿವಾನದ ಮೇಲೆ ಗೋಡೆಗೆ ಒರಗಿ ಕೂರುವಳು. ಹಗಲು ಮೆಂತ್ಯ ಸೋಸುತ್ತ ಕೂತಲ್ಲೇ ತೂಕಡಿಸುವಳು. ಎಚ್ಚರಿಸಿದರೆ "ಮಲಗಿಲ್ಲವ್ವಾ, ಕಣ್ಣ ಮುಚ್ಚಿದ್ದೆ ಅಷ್ಟ" ಅನ್ನುವಳು. ನನಗೆ ಅರ್ಥವಾಗಿದ್ದು ಇಷ್ಟೇ: ಹಗಲು ನಿದ್ದೆ ಮಾಡುತ್ತಾಳೆ, ಅದಕ್ಕೇ ರಾತ್ರಿ ಬರುವುದಿಲ್ಲ. ಆಕೆ ಎದ್ದು ಕೂತರೆ ನನಗೂ ಎಚ್ಚರ. ಬೆಳಿಗ್ಗೆ ಏಳಕ್ಕೆ ಕಂಪನಿಯ ಬಸ್ಸು ಹಿಡಿಯಬೇಕು. ತಿಂಗಳೊಂದು ಕಳೆಯುವುದರೊಳಗೆ ನನಗೆ ತಲೆ ಚಿಟ್ಟು ಹಿಡಿದು ಹೋಗಿತ್ತು. ಅವ್ವನ ನಿದ್ದೆಗಾಗಿ ಡಾಕ್ಟರ ಹತ್ತಿರ ಹೋದೆ ಎಂದು ಎಲ್ಲರಿಗೂ ಹೇಳಿದ್ದೇನೆ. ನಿಜ ಹೇಳಬೇಕೆಂದರೆ ಹೋದದ್ದು ನನ್ನ ನಿದ್ದೆಗಾಗಿ.

ಶನಿವಾರ ಸಂಜೆ, ದವಾಖಾನೆ ತುಂಬಿ ತುಳುಕುತ್ತಿತ್ತು. ನಮ್ಮ ಪಾಳಿ ಬರುವುದಕ್ಕೆ ಒಂದೂವರೆ ತಾಸು ಹಿಡಿಯಿತು. ಆ ಒಂದೂವರೆ ತಾಸೂ ಅವ್ವ ಏನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದಳು, ತುಟಿ ಅಲ್ಲಾಡುವುದು ಕಾಣುತ್ತಿತ್ತು. ಒಳಗೆ ಹೋಗಿ ಕೂತದ್ದೇ ಶುರುಮಾಡಿದಳು.

"ಇಕಿ ಅಪ್ಪ ಇದ್ದಾಗ ಹಿಂಗ ಇರಲಿಲ್ರಿ. ಈಗ ಅಡ್ಡಾದ ಕೂಡಲೇ ಅಲ್ಲ, ಒಂದು ಸ್ವಲ್ಪ ಹೊತ್ತಿಗೆ, ಕಣ್ಣು ಹತ್ತತಾವ ಅನ್ನೂದರಾಗ, ಯಾರೋ ಎದಿ ಮ್ಯಾಲೆ ಕೂತಂಗ..."

"ಅವ್ವಾ, ನಾ ಹೇಳ್ತೀನಿ, ನೀ ಗಪ್ ಕೂಡು" ಎಂದೆ. ಡಾಕ್ಟರ ಕಡೆ ತಿರುಗಿ ಮರಾಠಿಯಲ್ಲಿ, ರಾತ್ರಿ ನಿದ್ದೆ ಬರುವುದಿಲ್ಲ, ಒಂದು ತಿಂಗಳಾಯಿತು, ಎಂದೆ. ಅಷ್ಟೇ. ನನ್ನ ಒಂದು ಪುಟದ ವರದಿಗಿಂತಲೂ ಗಿಡ್ಡ.

ಡಾಕ್ಟರು ವಯಸ್ಸಾದವರು, ಸಜ್ಜನರು. ಅವಸರ ನನ್ನದಿತ್ತು, ಅವರದಲ್ಲ. ಅವರು ಕೇಳಿದರು: ಬಿ.ಪಿ. ಬಿಟ್ಟು ಬೇರೆ ಏನಾದರೂ ತೊಂದರೆ ಇದೆಯೇ? ಗೊರಕೆ? "ದಮಾ ವಗೈರೆ?"

ದಮಾ ಎಂಬ ಮಾತು ಅವ್ವನಿಗೆ ತಿಳಿಯಿತು. ಮುಂದಕ್ಕೆ ಬಾಗಿದಳು. ನಾನು ಅಷ್ಟರಲ್ಲಿ "ನಾಹೀ" ಎಂದು ಆಗಿತ್ತು. ಯಾಕೆ ಹಾಗೆ ಹೇಳಿದೆ ಎಂದು ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಇದೆ ಎಂದರೆ ಎದೆಯ ಫೋಟೋ ತೆಗೆಸಿರಿ, ಆ ಪರೀಕ್ಷೆ ಮಾಡಿಸಿರಿ ಎನ್ನುತ್ತಾರೆ, ಇನ್ನೆರಡು ಶನಿವಾರ ಹೋಗುತ್ತವೆ ಎಂದು ಇರಬೇಕು. ಎರಡು ವರ್ಷದಿಂದ ಪಂಪು ಹಿಡಿದಿಲ್ಲವಲ್ಲ, ಇಲ್ಲ ಎಂದರೆ ಸುಳ್ಳೇನೂ ಅಲ್ಲ ಎಂದೂ ಇರಬೇಕು.

"ದಮ್ಮಿಂದು ಕೇಳಿದ್ರಲ್ಲ, ಹೇಳಿದೇನ?" ಎಂದಳು ಅವ್ವ.

"ಹೇಳೀನಿ, ಏಳ ಇನ್ನ" ಎಂದೆ. ಇದು ಮಾತ್ರ ಅಪ್ಪಟ ಸುಳ್ಳು.

ಡಾಕ್ಟರು ನಿದ್ದೆಯ ಗುಳಿಗೆಯನ್ನು ರಾತ್ರಿಗೆ ಅರ್ಧದಂತೆ ಏಳು ದಿನಕ್ಕೆ ಬರೆದುಕೊಟ್ಟರು. ಅರ್ಧಕ್ಕಿಂತ ಹೆಚ್ಚು ಬೇಡ, ಏಳು ದಿನವಾದ ಮೇಲೆ ನನಗೆ ತೋರಿಸದೆ ಮುಂದುವರಿಸಬೇಡಿ, ಬೇರೆ ಯಾವ ಔಷಧಿ ಶುರುಮಾಡುವುದಿದ್ದರೂ ನನ್ನನ್ನು ಕೇಳಿ ಎಂದು ಬೆರಳು ಮಾಡಿ ಹೇಳಿದರು. ನಾನು ಗೋಣು ಹಾಕಿದೆ. ಕಾರ್ಖಾನೆಯ ಗೋಡೆಗೆ ಅಂಟಿಸಿದ ಸೂಚನೆಗಳಿಗೆ ಕೆಲಸಗಾರರು ಹಾಕುವ ಗೋಣು ಅದು.

ಮೊದಲ ರಾತ್ರಿಯೇ ಅವ್ವ ಮಲಗಿದಳು. ನಾನೂ ಮಲಗಿದೆ. ಎಷ್ಟು ದಿನದ ನಿದ್ದೆಯೋ ಏನೋ, ಸೋಮವಾರ ಬಸ್ಸು ತಪ್ಪಿಸಿಕೊಳ್ಳುವುದೊಂದು ಬಾಕಿ. ಆ ವಾರವೆಲ್ಲ ಆಫೀಸಿನಲ್ಲಿ ನಗುನಗುತ್ತ ಇದ್ದೆ. ಏಳು ದಿನ ಮುಗಿದಾಗ ಆಷಾಢದ ಮಳೆ, ಮತ್ತೆ ಆ ಒಂದೂವರೆ ತಾಸಿನ ಪಾಳಿ ನೆನಪಾಯಿತು. ನಮ್ಮ ಓಣಿಯ ಮೆಡಿಕಲ್ಲಿನವನು ಪರಿಚಯದವನು. ಚೀಟಿ ಹಳೆಯದಾಗಿದೆ ಎಂದು ಒಂದು ಸಲ ಗೊಣಗಿದ, ಆಮೇಲೆ ಕೊಟ್ಟ. ಎರಡು ತಿಂಗಳು ಹೀಗೇ ನಡೆಯಿತು. ಅರ್ಧ ಸಾಲದೆ ಬಂತು, ಒಂದು ಪೂರ್ತಿ ಮಾಡಿದೆ. ಮಾಡಿದವಳು ನಾನು, ಅವ್ವ ಕೇಳಿದ್ದಲ್ಲ.

ಅವ್ವ ಹೇಳುತ್ತಿದ್ದಳು. ಹೇಳಲಿಲ್ಲ ಎನ್ನುವ ಹಾಗಿಲ್ಲ. ಬೆಳಿಗ್ಗೆ ನಾನು ಡಬ್ಬಿ ಕಟ್ಟಿಕೊಳ್ಳುವಾಗ ಅಡುಗೆಮನೆಯ ಬಾಗಿಲಲ್ಲಿ ನಿಂತು, "ನಿದ್ದಿ ಬರ್ತದ, ಆದ್ರ ಎದ್ದ ಮ್ಯಾಲೆ ತಲಿ ಹಿಂಗ ಒಜ್ಜಿ ಅಂತೀನಿ, ಹಣಿ ಮ್ಯಾಲೆ ಯಾರೋ..." ಎಂದು ಶುರುಮಾಡುವಳು. "ಬಿಸಿಲಿಗೆ ಒಂದು ಸುತ್ತು ತಿರುಗ್ಯಾಡು, ಹೋಗ್ತದ" ಎಂದು ನಾನು ಚಪ್ಪಲಿ ಮೆಟ್ಟುವೆ. ಕಾಲು ಬಾತಿದೆ ಎಂದಳು, ಕೂತಲ್ಲೇ ಕೂತರೆ ಬಾತುಕೊಳ್ಳದೆ ಏನಾದೀತು ಎಂದೆ. ಮುಂಜಾನೆಯ ತಲೆನೋವು, ಕಾಲಿನ ಬಾವು, ಹಗಲಿನ ತೂಕಡಿಕೆ, ಗೊರಕೆ ನಡುವೆ ನಿಲ್ಲುವುದು, ಇಷ್ಟನ್ನೂ ಒಟ್ಟಿಗೆ ಇಟ್ಟು ನೋಡಿದ್ದರೆ ಯಾವ ಡಾಕ್ಟರಿಗಾದರೂ ತಿಳಿಯುತ್ತಿತ್ತು. ಒಟ್ಟಿಗೆ ಇಡುವವಳು ನಾನೊಬ್ಬಳೇ ಇದ್ದೆ. ನಾನು ಒಂದೊಂದನ್ನೂ ಬಂದ ದಿನವೇ ತೆಗೆದು ಒಗೆಯುತ್ತಿದ್ದೆ.

ಗಣಪತಿ ಹಬ್ಬದ ಹೊತ್ತಿಗೆ ಅವ್ವನಿಗೆ ನೆಗಡಿಯಾಯಿತು, ಕೆಮ್ಮು ಎದೆಗಿಳಿಯಿತು. ನನ್ನದೇ ಹಳೆಯ ಕೆಮ್ಮಿನ ಔಷಧಿ ಮನೆಯಲ್ಲಿತ್ತು. ಕುಡಿದರೆ ಮಂಪರು ಬರುವಂಥದ್ದು. ಒಳ್ಳೆಯದೇ ಆಯಿತು, ಚೆನ್ನಾಗಿ ಮಲಗುತ್ತಾಳೆ ಅಂದುಕೊಂಡು ಎರಡು ಚಮಚ ಕುಡಿಸಿ, ಮೇಲೆ ಗುಳಿಗೆಯನ್ನೂ ಕೊಟ್ಟೆ.

ಬೆಳಿಗ್ಗೆ ಚಹಾ ಇಟ್ಟು ಕರೆದೆ, ಏಳಲಿಲ್ಲ. ಎರಡನೇ ಸಲ ಕರೆದಾಗ ಸಿಟ್ಟಿನಿಂದ ಕರೆದೆ. ಮೂರನೇ ಸಲ ಹೋಗಿ ಭುಜ ಹಿಡಿದು ಅಲುಗಾಡಿಸಿದೆ. ತುಟಿಗಳು ನೇರಳೆ ಹಣ್ಣು ತಿಂದ ಬಣ್ಣಕ್ಕೆ ತಿರುಗಿದ್ದವು. ಉಸಿರು ಇತ್ತು, ಒಂದು ಬಂದರೆ ಇನ್ನೊಂದು ಯಾವಾಗ ಎಂದು ಕಾಯುವ ಹಾಗೆ. ಕೆಳಗಿನ ಮನೆಯವರು, ವಾಚ್‌ಮನ್ನು, ಎಲ್ಲರೂ ಓಡಿ ಬಂದು ಹೊತ್ತು ಇಳಿಸಿದರು. ಮೆರವಣಿಗೆಗಾಗಿ ರಸ್ತೆ ಕಟ್ಟಿದ್ದರು. ಆಂಬುಲೆನ್ಸಿನೊಳಗೆ ಕೂತು ನಾನು ಅವ್ವನ ಕೈ ಹಿಡಿದು "ಅವ್ವಾ, ಮಾತಾಡ" ಎನ್ನುತ್ತಿದ್ದೆ. ಮಾತಾಡು ಎಂದು ನಾನು ಅವ್ವನಿಗೆ ಹೇಳಿದ್ದು ಅದೇ ಮೊದಲಿರಬೇಕು.

ಆಸ್ಪತ್ರೆಯಲ್ಲಿ ಕೇಳಿದರು: ಯಾವ ಗುಳಿಗೆ, ಎಷ್ಟು, ಎಷ್ಟು ದಿನದಿಂದ, ಜೊತೆಗೆ ಏನು ಕೊಟ್ಟಿರಿ, ಉಸಿರಿನ ಕಾಯಿಲೆ ಇತ್ತೇ. ಈ ಸಲ ಒಂದನ್ನೂ ಮುಚ್ಚಿಡಲಿಲ್ಲ. ದಮ್ಮು ಇತ್ತು, ನಾನು ಚಿಕ್ಕವಳಿದ್ದಾಗಿನಿಂದ, ಎಂದೆ. ಕೇಳುತ್ತಿದ್ದ ಡಾಕ್ಟರು ಬರೆಯುವುದನ್ನು ಒಂದು ಗಳಿಗೆ ನಿಲ್ಲಿಸಿ ನನ್ನ ಮುಖ ನೋಡಿ, ಮತ್ತೆ ಬರೆದರು. ಬೈದಿದ್ದರೆ ಚೆನ್ನಾಗಿತ್ತು. ಆಮೇಲೆ ಹೊರಗೆ ಬಂದು ಸಮಾಧಾನವಾಗಿ ತಿಳಿಸಿ ಹೇಳಿದರು. ಇವರಿಗೆ ನಿದ್ದೆಯಲ್ಲಿ ಉಸಿರು ನಡುನಡುವೆ ನಿಂತುಹೋಗುತ್ತದೆ, ಆಗ ಮೈ ತಾನೇ ಎಚ್ಚರ ಮಾಡಿ ಉಸಿರಾಡಿಸುತ್ತದೆ. ಇವರು ಗಾಬರಿಯಾಗಿ ಎದ್ದು ಕೂರುತ್ತಿದ್ದದ್ದು ಅದಕ್ಕೇ. ನಿದ್ದೆಯ ಗುಳಿಗೆ ಆ ಎಚ್ಚರವನ್ನೇ ಮಲಗಿಸಿತು. ಅದರ ಮೇಲೆ ಮಂಪರಿನ ಔಷಧಿ, ಎದೆಯಲ್ಲಿ ಕಫ. ಹೊರಹೋಗಬೇಕಾದ ಕೆಟ್ಟ ಗಾಳಿ ಒಳಗೇ ತುಂಬಿಕೊಂಡಿತು.

ಅಂದರೆ ನಾನು ಯಾವುದನ್ನು ರೋಗ ಅಂದುಕೊಂಡಿದ್ದೆನೋ, ಅವ್ವನನ್ನು ಅಷ್ಟು ದಿನ ಬದುಕಿಸಿದ್ದು ಅದೇ.

ಮೂರು ದಿನ ಅವ್ವನ ಮುಖಕ್ಕೆ ಬಿಗಿಯಾದ ಮುಖವಾಡ ಹಾಕಿ ಯಂತ್ರದಿಂದ ಗಾಳಿ ಒತ್ತಿದರು. ನಾಲ್ಕನೇ ದಿನ ಕಣ್ಣು ತಿಳಿಯಾಗಿ ನನ್ನನ್ನು ಗುರುತಿಸಿದಳು. ಐದನೇ ದಿನ ವಾರ್ಡಿಗೆ ಕಳಿಸಿದರು. ಅಲ್ಲಿ ಸಿಕ್ಕವಳು ಒಬ್ಬ ಆಯಾ. ಯಾದಗಿರಿ ಕಡೆಯ ಹೆಂಗಸು, ನಲವತ್ತರ ಆಸುಪಾಸು. ಗಂಡ ಕಟ್ಟಡದ ಕೆಲಸ, ಈಕೆ ಆಸ್ಪತ್ರೆಯಲ್ಲಿ ಪೇಶೆಂಟರ ಮೈ ಒರೆಸುವುದು, ಹಾಸಿಗೆ ಬದಲಿಸುವುದು. ಅವ್ವ ನರಳುತ್ತ "ಯವ್ವಾ" ಎಂದದ್ದು ಕೇಳಿ, ಕೈಲಿದ್ದ ಬಕೆಟ್ಟು ಅಲ್ಲೇ ಇಟ್ಟು ಓಡಿ ಬಂದಳು. "ನಮ್ಮ ಕಡಿಯೋರೇನ್ರಿ?"

ಮರುದಿನ ವಾರ್ಡಿನ ಡಾಕ್ಟರ್ ಬಂದಳು. ಚಿಕ್ಕ ವಯಸ್ಸಿನವಳು, ಮರಾಠಿ ಹುಡುಗಿ. ಇವರ ತೊಂದರೆಯನ್ನು ಮೊದಲಿನಿಂದ ಕೇಳಿ ಬರೆದುಕೊಳ್ಳಬೇಕು ಎಂದಳು. ನಾನು ಎದ್ದು ನಿಂತು ಹೇಳಲು ಬಾಯಿ ತೆರೆದೆ. ಹುಡುಗಿ ಬಲು ಮರ್ಯಾದೆಯಿಂದಲೇ, "ಅಕ್ಕಾ, ನೀವು ಕೂತುಕೊಳ್ಳಿ. ನನಗೆ ಪೇಶೆಂಟರ ಬಾಯಿಂದಲೇ ಬೇಕು. ಮಾವಶಿ ಹೇಳುತ್ತಾರೆ" ಎಂದು ಆಯಾಳನ್ನು ಕರೆದಳು. ಮೂವತ್ತು ವರ್ಷ ದುಭಾಷಿ ಕೆಲಸ ಮಾಡಿದವಳನ್ನು ಪಕ್ಕಕ್ಕೆ ಕೂರಿಸಿ, ಮೈ ಒರೆಸುವವಳ ಕೈಗೆ ಆ ಕೆಲಸ ಕೊಟ್ಟಳು. ಅವಮಾನವಾಯಿತು. ಆದರೆ ಯಾವ ಬಾಯಿಯಿಂದ ಎದುರು ಮಾತಾಡಲಿ?

ಆಯಾ ಹಾಸಿಗೆಯ ಅಂಚಿಗೆ ಕೂತಳು. "ಹೇಳ್ರಿ ಯವ್ವಾ, ಏನೇನಾಗ್ತದ? ಸಾವಕಾಶ ಹೇಳ್ರಿ, ನಾ ಇಲ್ಲೇ ಅದೀನಿ."

ಅವ್ವ ಹೇಳಿದಳು. ಉಸಿರು ಸಾಲದೆ ನಿಲ್ಲಿಸಿ ನಿಲ್ಲಿಸಿ ಹೇಳಿದಳು. ಅಪ್ಪ ತೀರಿದ ದಿನದಿಂದ ಶುರುಮಾಡಿದಳು. ಆಯಾಳ ಮರಾಠಿ ಹರಕು ಮುರುಕು, ಅರ್ಧ ಹಿಂದಿ. ಆದರೆ ಅವ್ವ ಹತ್ತು ಮಾತು ಆಡಿದರೆ ಆಕೆಯೂ ಹತ್ತೇ ಮಾತು ಆಡುತ್ತಿದ್ದಳು. ಒಂದನ್ನೂ ಬಿಡಲಿಲ್ಲ. ಎದೆಯ ಮೇಲೆ ಯಾರೋ ಕೂತಂತಾಗುವುದು, ಬಾಯಿ ಒಣಗುವುದು, ಎದ್ದು ದಿವಾನದ ಮೇಲೆ ಕೂತರೆ ಸ್ವಲ್ಪ ಹಗುರಾಗುವುದು. ದೀಪ ಹಾಕಿದರೆ ಮಗಳಿಗೆ ಎಚ್ಚರವಾಗುತ್ತದೆಂದು ಕತ್ತಲೆಯಲ್ಲೇ ಕೂರುವುದು. ಕೆಮ್ಮು ಬಂದರೆ ಸೆರಗು ಬಾಯಿಗೆ ಒತ್ತಿಕೊಳ್ಳುವುದು. ಇದು ನನಗೆ ಗೊತ್ತೇ ಇರಲಿಲ್ಲ. ನನ್ನ ನಿದ್ದೆ ಕೆಡಿಸುತ್ತಾಳೆ ಎಂದು ನಾನು ಸಿಡಿಮಿಡಿಗೊಳ್ಳುತ್ತಿದ್ದ ದಿನಗಳಲ್ಲಿ ಅವ್ವ ಸೆರಗು ಕಚ್ಚಿಕೊಂಡು ಕೂತಿರುತ್ತಿದ್ದಳು.

"ಗುಳಗಿ ತಗೊಂಡ ಮ್ಯಾಲೆ ನಿದ್ದಿ ಬರ್ತಿತ್ತು ಖರೆ" ಎಂದಳು ಅವ್ವ. "ಆದ್ರ ಅದು ನಿದ್ದಿ ಅಲ್ಲ. ಬಾವ್ಯಾಗ ಇಳದಂಗ ಆಗ್ತಿತ್ತು. ಅಂಜಕಿ ಬರ್ತಿತ್ತು. ಆದ್ರ ನನ್ನ ಮಗಳು ಡಾಕ್ಟರಿಗೆ ಎಲ್ಲಾ ಹೇಳ್ಯಾಳ, ಅವರು ಎಲ್ಲಾ ಕೇಳೇ ಕೊಟ್ಟಾರ, ಅಂದ ಮ್ಯಾಲೆ ನಂದೇ ಅಂಜಬುರಕತನ ಅಂತ ನುಂಗತಿದ್ದೆ."

ಆಯಾ ಅದನ್ನೂ ಹೇಳಿದಳು. ಡಾಕ್ಟರ ಹುಡುಗಿ ಕೇಳಿದಳು, ದಮ್ಮು ಇರುವುದು ಆ ಡಾಕ್ಟರಿಗೆ ಗೊತ್ತಿತ್ತೇ?

"ಗೊತ್ತಿಲ್ದ ಏನ್ರಿ? ನಾ ಕೇಳಿದ್ನಲ್ಲ. ಹೇಳೀನಿ ಅಂದ್ಲು" ಎಂದಳು ಅವ್ವ.

ಹುಡುಗಿ ನನ್ನ ಕಡೆ ತಿರುಗಿದಳು. ನಾನು ಮರಾಠಿಯಲ್ಲಿ, ಇಲ್ಲ, ಹೇಳಿರಲಿಲ್ಲ ಎಂದೆ. ಅಷ್ಟು ಹೊತ್ತು ಒಂದನ್ನೂ ಬಿಡದ ಆಯಾ ಇದೊಂದನ್ನು ಅವ್ವನಿಗೆ ದಾಟಿಸಲಿಲ್ಲ. ತಲೆ ತಗ್ಗಿಸಿ ಹೊದಿಕೆಯ ಮಡಿಕೆ ಸರಿಮಾಡುತ್ತಿದ್ದಳು. ಇದನ್ನು ಹೇಳಬೇಕಾದವಳು ನಾನೇ ಎಂದು ಆಕೆಗೆ ತಿಳಿದಿತ್ತು.

"ಅವ್ವಾ, ನಾ ಹೇಳಿರಲಿಲ್ಲ. ನಿನಗ ಸುಳ್ಳ ಹೇಳಿದೆ" ಎಂದೆ.

ಅವ್ವ ನನ್ನನ್ನು ನೋಡಿದಳು. ಸಿಟ್ಟು ಇರಲಿಲ್ಲ. ಸಿಟ್ಟು ಇದ್ದಿದ್ದರೆ ಕಾಲು ಹಿಡಿಯಬಹುದಿತ್ತು. "ಇರಲಿ ಬಿಡು" ಎಂದು ಆಯಾಳ ಕಡೆ ಹೊರಳಿ, "ನಿಂದು ಊಟ ಆತೇನ ತಂಗಿ?" ಎಂದು ಕೇಳಿದಳು.

ಎರಡು ವಾರಕ್ಕೆ ಮನೆಗೆ ಬಂದೆವು. ಜೊತೆಗೆ ಒಂದು ಪುಟ್ಟ ಯಂತ್ರ ಬಂತು. ಮಲಗುವಾಗ ಮೂಗಿಗೆ ಮುಖವಾಡ ಕಟ್ಟಿಕೊಂಡರೆ ಅದು ರಾತ್ರಿಯಿಡೀ ಗಾಳಿ ಊದುತ್ತದೆ, ಉಸಿರಿನ ದಾರಿ ಮುಚ್ಚಿಕೊಳ್ಳುವುದಿಲ್ಲ. ಪಂಪು ಮತ್ತೆ ಶುರುವಾಯಿತು. ನಿದ್ದೆಯ ಗುಳಿಗೆ ಇನ್ನು ಇಲ್ಲವೇ ಇಲ್ಲ. ನೆಗಡಿಯದಾಗಲಿ ಅಲರ್ಜಿಯದಾಗಲಿ, ಮೆಡಿಕಲ್ಲಿನಲ್ಲಿ ಹಾಗೇ ಸಿಗುವುದಾಗಲಿ, ಗಿಡಮೂಲಿಕೆಯದೇ ಆಗಲಿ, ಕೇಳದೆ ಕೊಡಕೂಡದು, ಯಾವ ಡಾಕ್ಟರ ಹತ್ತಿರ ಹೋದರೂ ಉಸಿರಿನ ಕಾಯಿಲೆಯನ್ನು ಮೊದಲು ಹೇಳಬೇಕು ಎಂದು ಆ ಹುಡುಗಿ ಬರೆದು ಕೊಟ್ಟಳು. ನಾನು ಅದನ್ನು ನಾಲ್ಕು ಪ್ರತಿ ಮಾಡಿಸಿ ಪರ್ಸಿನಲ್ಲಿ, ಫೈಲಿನಲ್ಲಿ, ಫ್ರಿಜ್ಜಿನ ಮೇಲೆ, ಕೆಳಗಿನ ಮನೆಯಲ್ಲಿ ಇಟ್ಟೆ. ಹಲ್ಲಿನ ಡಾಕ್ಟರಿಗೂ ತೋರಿಸಿದೆ. ಹಳೆಯ ಡಾಕ್ಟರ ಹತ್ತಿರ ಹೋಗಿ ತಪ್ಪೊಪ್ಪಿಕೊಂಡೆ. ಅವರು ಕನ್ನಡಕ ತೆಗೆದು ಒರೆಸುತ್ತ, ಗೊರಕೆಯ ಬಗ್ಗೆ ನೀವು ಉತ್ತರ ಕೊಟ್ಟಿರಲಿಲ್ಲ, ನಾನಾದರೂ ಇನ್ನೊಂದು ಸಲ ಕೇಳಬೇಕಿತ್ತು ಎಂದರು. ಅವರ ಒಳ್ಳೆಯತನಕ್ಕೆ ನನಗೆ ಇನ್ನಷ್ಟು ನಾಚಿಕೆಯಾಯಿತು.

ಯಂತ್ರ ಅವ್ವನಿಗೆ ಒಗ್ಗಿತು. ಮುಖ ತಿಳಿಯಾಯಿತು, ಕಾಲಿನ ಬಾವು ಇಳಿಯಿತು, ಹಗಲಿನ ತೂಕಡಿಕೆ ಹೋಯಿತು. ನೋಡಿದವರೆಲ್ಲ ಹತ್ತು ವರ್ಷ ಚಿಕ್ಕವಳಾಗಿದ್ದಾಳೆ ಎಂದರು. ಅವ್ವ ನನ್ನ ಜೊತೆ ಮಾತಾಡುವುದನ್ನು ಬಿಟ್ಟಳು ಎಂದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಮುನಿಸಲ್ಲ. ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತಿದ್ದಳು. "ನಿದ್ದಿ ಬಂತೇನ ಅವ್ವಾ?" "ಬಂತು." "ಹೆಂಗದ ಮೈ?" "ಛಲೋ ಅದ." "ಸಿಲಿಂಡರ್?" "ಮುಗೀತು." ನನ್ನ ಅಪಘಾತದ ನಮೂನೆಯನ್ನು ಯಾರೋ ಆಕೆಗೆ ಓದಿಸಿದ್ದಾರೇನೋ ಅನ್ನಿಸುವಷ್ಟು ಚೊಕ್ಕವಾದ ಉತ್ತರ. ಮೋಡವಿಲ್ಲ, ಸಂಡಿಗೆಯಿಲ್ಲ, ಕೆಳಗಿನ ಮನೆಯವಳಿಲ್ಲ. ಜೀವನವಿಡೀ ನಾನು ಬೇಡಿದ್ದು ಇದನ್ನೇ. ಸಿಕ್ಕ ಮೇಲೆ ಬೇಡವಾಗಿತ್ತು.

ಹೊರಗಿನವರ ಜೊತೆ ಅವ್ವ ಮೊದಲಿನಂತೆಯೇ ಇದ್ದಳು. ಆಯಾ ಫೋನು ಮಾಡುತ್ತಿದ್ದಳು, ಮಧ್ಯಾಹ್ನ ಆಕೆಯ ಊಟದ ಬಿಡುವಿನಲ್ಲಿ. ರಜೆಯ ದಿನ ನಾನು ಮನೆಯಲ್ಲಿದ್ದರೆ ಒಳಕೋಣೆಯಿಂದ ಅವ್ವನ ದನಿ ಕೇಳುತ್ತಿತ್ತು, ಅರ್ಧ ತಾಸು, ಮುಕ್ಕಾಲು ತಾಸು. ನಡುವೆ ನಗು. ಅತ್ತ ಕಡೆಯವಳು "ಮುಂದ ಏನಾತ್ರಿ?" ಎನ್ನುತ್ತಿರಬೇಕು. ನಾನು ನೀರು ಕೊಡುವ ನೆಪದಿಂದ ಒಳಗೆ ಹೋದರೆ "ಇಡ್ತೀನಿ ತಂಗಿ, ನಾಳಿ ಮಾತಾಡೂಣು" ಎಂದು ಫೋನು ಇಡುತ್ತಿದ್ದಳು. ಹೊಟ್ಟೆಕಿಚ್ಚಾಗುತ್ತಿತ್ತು, ಯಾಕೆ ಮುಚ್ಚಿಡಲಿ?

ಒಂದು ಭಾನುವಾರ ಅವ್ವನ ಮುಂದೆ ಹೋಗಿ ಕೂತೆ. "ಅವ್ವಾ, ನನಗೂ ಏನರೆ ಹೇಳು. ನಾ ಎಲ್ಲೂ ಹೋಗೂದಿಲ್ಲ, ಕೂತು ಕೇಳ್ತೀನಿ."

ಅವ್ವ ಅವರೆಕಾಯಿ ಬಿಡಿಸುತ್ತಿದ್ದಳು. "ಏನದ ಹೇಳೂದು? ನೀ ದಣದಿರ್ತಿ, ಹೋಗಿ ಮಲ್ಕೋ ಹೋಗು" ಎಂದಳು. ಮಾತಿನಲ್ಲಿ ಕುಹಕವಿರಲಿಲ್ಲ, ಪ್ರೀತಿಯಿಂದಲೇ ಹೇಳಿದಳು. ನಾನು ಎದ್ದು ಹೋಗಿ ನಿಜಕ್ಕೂ ಮಲಗಿದೆ. ಇನ್ನೊಂದು ಸಲ ಕೇಳಬೇಕಿತ್ತು, ಹತ್ತು ಸಲ ಕೇಳಬೇಕಿತ್ತು.

ಹೀಗೆ ಒಂದೂವರೆ ವರ್ಷ ಕಳೆಯಿತು. ಕಳೆದ ಮಾರ್ಚಿನಲ್ಲಿ, ಒಂದು ಮಧ್ಯಾಹ್ನ ನಾನು ಕಾರ್ಖಾನೆಯಲ್ಲಿದ್ದಾಗ ಕೆಳಗಿನ ಮನೆಯವಳ ಫೋನು ಬಂತು. ಅವ್ವ ಟೆರೇಸಿನ ಮೆಟ್ಟಿಲ ಮೇಲೆ ಕೂತಲ್ಲೇ ಒರಗಿದ್ದಳು. ನಾನು ಆಸ್ಪತ್ರೆ ಮುಟ್ಟುವುದರೊಳಗೆ ಮುಗಿದುಹೋಗಿತ್ತು. ಹೃದಯ, ಎಂದರು. ಗುಳಿಗೆಯೂ ಅಲ್ಲ, ಉಸಿರೂ ಅಲ್ಲ. ಆ ದಿನ ಕೆಲಸದಲ್ಲಿದ್ದ ಡಾಕ್ಟರು ಕಾಗದ ತುಂಬುತ್ತ ಕೇಳಿದರು: ನಾಲ್ಕೈದು ದಿನದಿಂದ ಏನಾದರೂ ಹೇಳುತ್ತಿದ್ದರೇ? ಎದೆನೋವು, ಸುಸ್ತು, ಬೆವರು?

ಇಲ್ಲ, ಎಂದೆ. ಈ ಸಲ ನಾನು ಏನನ್ನೂ ಬಿಟ್ಟು ಹೇಳಿದ್ದಲ್ಲ. ನನಗೆ ಗೊತ್ತಿದ್ದದ್ದೇ ಅಷ್ಟು.

ಮೂರನೆಯ ದಿನ ಮಧ್ಯಾಹ್ನ, ಅದೇ ಊಟದ ಬಿಡುವಿನ ಹೊತ್ತಿಗೆ, ಅವ್ವನ ಫೋನು ಗುಣುಗುಟ್ಟಿತು. ಆಯಾ. ಆಕೆಗೆ ತಿಳಿಸುವುದನ್ನು ನಾನು ಮರೆತಿದ್ದೆ. ಹೇಳಿದೆ. ಆಕೆ ಅತ್ತಳು. ಅತ್ತು ಮುಗಿದ ಮೇಲೆ, "ಎಂಟ ದಿನದಿಂದ ಹೇಳ್ಲಾಕತ್ತಿದ್ರು ರೀ ಯವ್ವ, ಮೆಟ್ಟಲಾ ಹತ್ತಿದ್ರ ಎಡಗೈ ಸೆಳೀತದ, ಎದಿ ಬಿಗೀತದ ಅಂತ. ಮಗಳಿಗಿ ಹೇಳ್ರಿ, ಇವತ್ತೇ ಹೇಳ್ರಿ ಅಂತ ದಿನಾ ಬಡ್ಕೊಂಡೆ ನಾ" ಎಂದಳು.

"ಏನಂದ್ಲು?" ಎಂದೆ.

ಆಯಾ ಹೇಳಲೋ ಬೇಡವೋ ಎಂದು ಅನುಮಾನಿಸಿದಳು. ಆಮೇಲೆ ಹೇಳಿದಳು, ಎಂದಿನ ಹಾಗೆ ಒಂದು ಮಾತೂ ಬಿಡದೆ. "ನನ್ನ ಮಗಳಿಗಿ ಉದ್ದ ಮಾತು ಆಗಿ ಬರಂಗಿಲ್ಲ ತಂಗಿ, ದುಡದು ಬಂದಿರ್ತಾಳ. ಇದನ್ನ ಗಿಡ್ಡ ಮಾಡಿ ಹೇಳ್ಲಾಕ ನನಗ ಬರಂಗಿಲ್ಲ. ಛಲೋದೊಂದು ರಜಾ ದಿನ ನೋಡಿ ಹೇಳ್ತೀನಿ. ಹಿಂಗ ಅಂದ್ರು ರೀ."

ಅಡುಗೆಮನೆಯಲ್ಲಿ ಕೆಳಗಿನ ಮನೆಯವರು ತಂದಿಟ್ಟ ಅನ್ನ ಆರುತ್ತಿತ್ತು. ನಾನು ಫೋನು ಹಿಡಿದುಕೊಂಡು ದಿವಾನದ ಮೇಲೆ ಕೂತೆ. ನಿನಗೆ ಹೊತ್ತಿದೆಯೇ ಎಂದು ಕೇಳಿದೆ. ಅದ ರೀ, ಇನ್ನೂ ಅರ್ಧ ತಾಸು ಅದ ಎಂದಳು. ಹಾಗಾದರೆ ಆ ಎಂಟು ದಿನ ಅವ್ವ ಏನೇನು ಹೇಳಿದಳೋ ಅಷ್ಟನ್ನೂ ನನಗೆ ಹೇಳು, ಮೊದಲನೆಯ ದಿನದಿಂದ ಹೇಳು ಎಂದೆ. ಆಯಾ ಮೂಗು ಒರೆಸಿಕೊಂಡು ನೆನಪು ಮಾಡಿಕೊಂಡಳು. ಅವತ್ತು ಹಾಲಿನವ ತಡಾ ಮಾಡಿ ಬಂದಿದ್ದನಂತ್ರಿ, ಎಂದು ಶುರುಮಾಡಿದಳು.